ಮಣ್ಣಿನ ಹುಳುವೂ ಮೋಹಕ ಬಲೆಯೂ: ಕಬ್ಬು ಬೆಳೆಗಾರರಿಗೊಂದು ಪಾಠ



ಕೃಷ್ಣಗಿರಿ ಸುತ್ತಿನ ಮಾವಿನ ತೋಪುಗಳಲ್ಲಿ ಕೊಂಬೆಗೆ ತೂಗುಹಾಕಿದ ಪ್ಲಾಸ್ಟಿಕ್ ಡಬ್ಬಿಗಳನ್ನು ನೀವು ನೋಡಿಯೇ ಇರುತ್ತೀರಿ. ಹಣ್ಣುನೊಣದ ಗಂಡುಗಳು ಮೀಥೈಲ್ ಯೂಜಿನಾಲ್ ಎಂಬ ವಸ್ತುವಿನ ವಾಸನೆಗೆ ಮರುಳಾಗಿ ಅದರೊಳಗೆ ಹೊಕ್ಕು ಸಾಯುತ್ತವೆ. ತರಕಾರಿ ಬೆಳೆಯುವವರ ಹೊಲದಲ್ಲಿಯೂ ಕಾಯಿಕೊರಕದ ಪತಂಗಕ್ಕೆಂದು ಇಂಥದೇ ಬಲೆಗಳುಂಟು. ತಮಿಳಿನಲ್ಲಿ ಇದಕ್ಕೆ 'ಇನಕ್ಕವರ್ಚಿ ಪೊರಿ' ಎಂದು ಹೆಸರು. ಅಂಗಡಿಯ ಪೊಟ್ಟಣದ ಮೇಲೆ ಹಾಗೆಯೇ ಅಚ್ಚಾಗಿರುತ್ತದೆ. ಕನ್ನಡದಲ್ಲಿ ಮೋಹಕ ಬಲೆ ಎನ್ನುತ್ತೇವೆ. ಇವನ್ನು ಕಂಡ ಕಬ್ಬು ಬೆಳೆಗಾರರಿಗೆ, ಕಬ್ಬಿನ ಬೇರು ತಿಂದು ಗದ್ದೆಯನ್ನೇ ಒಣಗಿಸುವ ಹುಳುವಿಗೂ ಹೀಗೊಂದು ಡಬ್ಬಿ ತಂದು ಕಟ್ಟಿಬಿಡಬಾರದೇ ಎಂದು ತೋರುವುದು ಸಹಜ. ಪ್ರಶ್ನೆ ಸರಿಯಾದದ್ದೇ. ಉತ್ತರವನ್ನು ಮಾತ್ರ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗುತ್ತದೆ, ಏಕೆಂದರೆ ಇದರಲ್ಲಿ ನಿಮ್ಮ ಹಣವೂ ಒಂದು ವರ್ಷದ ಬೆಳೆಯೂ ಅಡಗಿದೆ.

ಮೊದಲು ಹುಳುವನ್ನು ಗುರುತಿಸಿ

ಮಣ್ಣಿನೊಳಗೆ ಕಬ್ಬಿಗೆ ಕೇಡು ಮಾಡುವ ಹುಳುಗಳು ಒಂದೇ ಬಗೆಯವಲ್ಲ. ನಾಟಿ ಮಾಡಿದ ತುಂಡುಗಳು ಮೊಳೆಯದೆ ಸಾಲಿನಲ್ಲಿ ಅಲ್ಲಲ್ಲಿ ಬರಿದಾಗಿ ಕಂಡರೆ, ಒಂದು ತುಂಡನ್ನು ಅಗೆದು ಸೀಳಿ ನೋಡಿರಿ. ಒಳಗೆ ಟೊಳ್ಳಾಗಿ ಮಣ್ಣು ತುಂಬಿಕೊಂಡಿದ್ದರೆ ಗೆದ್ದಲು. ಕಣ್ಣುಗಳನ್ನು ಮಾತ್ರ ಕೊರೆದು ತೂತು ಮಾಡಿದ್ದು, ಹತ್ತಿರದ ಮಣ್ಣಿನಲ್ಲಿ ತೆಳ್ಳಗೆ, ಉದ್ದಕ್ಕೆ, ಹಳದಿಗಂದು ಬಣ್ಣದ, ಬೆರಳಿನಲ್ಲಿ ಹಿಸುಕಿದರೂ ಸುಲಭವಾಗಿ ಜಜ್ಜಿಹೋಗದಷ್ಟು ಗಟ್ಟಿ ಮೈಯ ಹುಳು ಸಿಕ್ಕಿದರೆ ಅದು ತಂತಿ ಹುಳು. ಹೆಸರೇ ಹೇಳುವಂತೆ ತಂತಿಯ ತುಣುಕಿನಂತಿರುತ್ತದೆ.

ಕಬ್ಬು ಆಳೆತ್ತರ ಬೆಳೆದ ಮೇಲೆ, ಆಷಾಢ ಶ್ರಾವಣದ ಹೊತ್ತಿಗೆ, ನೀರು ಗೊಬ್ಬರ ಎಲ್ಲವೂ ಇದ್ದು ಗರಿ ಹಳದಿಗೆ ತಿರುಗಿ, ಬುಡ ಹಿಡಿದೆಳೆದರೆ ಇಡೀ ಪೊದೆಯೇ ಬೇರಿಲ್ಲದೆ ಕೈಗೆ ಬಂದರೆ ಅದು ಗೊಣ್ಣೆ ಹುಳುವಿನ ಕೆಲಸ. ಬಿಳಿ ಮೈ, ಕಂದು ತಲೆ, ಕುಡುಗೋಲಿನಂತೆ ಬಾಗಿ ಮುದುರಿಕೊಂಡು ಬಿದ್ದಿರುತ್ತದೆ. ತಮಿಳಿನವರು ವೇರ್ಪುಳು ಎನ್ನುತ್ತಾರೆ. ದಕ್ಷಿಣದ ರಾಜ್ಯಗಳಲ್ಲಿ ಕಬ್ಬಿಗೆ ಮುಖ್ಯವಾಗಿ ಬೀಳುವ ಗೊಣ್ಣೆ ಹುಳುವಿನ ಶಾಸ್ತ್ರೀಯ ಹೆಸರು ಹೋಲೋಟ್ರಿಕಿಯ ಸೆರೇಟ.

ತಿಪ್ಪೆಗುಂಡಿಯಲ್ಲಿ ಸಿಕ್ಕುವ ಹೆಬ್ಬೆರಳು ಗಾತ್ರದ ಬಿಳಿ ಹುಳುವನ್ನು ಕಂಡು ಗಾಬರಿಯಾಗುವವರಿದ್ದಾರೆ. ಅದು ಹೆಚ್ಚಾಗಿ ಕೊಳೆತ ಗೊಬ್ಬರ ತಿಂದು ಬದುಕುವ ಬೇರೆ ದುಂಬಿಯ ಮರಿ. ಸಂಶಯ ಬಂದರೆ ನಾಲ್ಕು ಹುಳುವನ್ನು ಮಣ್ಣಿನ ಸಮೇತ ಒಂದು ಡಬ್ಬಿಯಲ್ಲಿ ಹಾಕಿ ವಿಭಾಗದ ಕಬ್ಬು ಅಧಿಕಾರಿಗಳಿಗೆ ತೋರಿಸಿರಿ. ಈ ಗುರುತಿಸುವ ಕೆಲಸಕ್ಕೆ ಏಕಿಷ್ಟು ಒತ್ತು ಕೊಡುತ್ತಿದ್ದೇವೆಂಬುದು ಮುಂದೆ ತಿಳಿಯುತ್ತದೆ. ಮೋಹಕ ಬಲೆಯೆಂಬುದು ಒಂದೇ ಬೀಗಕ್ಕೆ ಹೊಂದುವ ಕೀಲಿಕೈ. ಹುಳುವಿನ ಜಾತಿ ಬೇರೆಯಾದರೆ ಬಲೆ ಬರಿದೇ ತೂಗಾಡುತ್ತದೆ.

ವಾಸನೆಯ ಕರೆ

ಹೊಸೂರು, ಡೆಂಕಣಿಕೋಟೆ, ಕೆಲಮಂಗಲ ಕಡೆಯ ಎಷ್ಟೋ ಮನೆಗಳಲ್ಲಿ ಕಬ್ಬಿನ ಜೊತೆಗೆ ರೇಷ್ಮೆಯೂ ಉಂಟು. ಗೂಡು ಒಡೆದು ಹೊರಬಂದ ರೇಷ್ಮೆ ಚಿಟ್ಟೆಗಳನ್ನು ಗಮನಿಸಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹೆಣ್ಣು ಚಿಟ್ಟೆ ಅಲುಗಾಡದೆ ಕೂತಿರುತ್ತದೆ. ಗಂಡು ಮಾತ್ರ ರೆಕ್ಕೆ ಪಟಪಟ ಬಡಿಯುತ್ತ ಸುತ್ತಿಸುತ್ತಿ ಅದರ ಬಳಿಗೇ ಬರುತ್ತದೆ. ಗಂಡನ್ನು ಕರೆಯುವುದು ಹೆಣ್ಣಿನ ಹೊಟ್ಟೆಯ ತುದಿಯಲ್ಲಿರುವ ಗ್ರಂಥಿಯಿಂದ ಹೊರಡುವ ವಾಸನೆ. ನಮ್ಮ ಮೂಗಿಗೆ ಅದು ತಿಳಿಯುವುದಿಲ್ಲ. ಗಂಡಿನ ಮೀಸೆಗೆ ತಿಳಿಯುತ್ತದೆ.

ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಎಂಬ ರಸಾಯನ ವಿಜ್ಞಾನಿ 1959ರಲ್ಲಿ ಈ ವಸ್ತು ಇಂಥದೇ ಎಂದು ಕಂಡುಹಿಡಿದು ಬಾಂಬಿಕಾಲ್ ಎಂದು ಹೆಸರಿಟ್ಟರು. ಅದಕ್ಕಾಗಿ ಸುಮಾರು ಐದು ಲಕ್ಷ ಹೆಣ್ಣು ರೇಷ್ಮೆ ಚಿಟ್ಟೆಗಳು ಬೇಕಾದವು. ಅಷ್ಟರಿಂದ ದೊರೆತದ್ದು ಕೆಲವೇ ಮಿಲಿಗ್ರಾಂ. ಇಂಥ ವಸ್ತುಗಳಿಗೆ ಫೆರೊಮೋನ್ ಎಂಬ ಸಾಮಾನ್ಯ ಹೆಸರು ಬಂದದ್ದೂ ಅದೇ ವರ್ಷ. ಜಗತ್ತಿನಲ್ಲಿ ಮೊದಲು ಗುರುತಿಸಿದ ಫೆರೊಮೋನ್ ನಮ್ಮ ಹಿಪ್ಪುನೇರಳೆ ತಿನ್ನುವ ಹುಳುವಿನದು ಎಂಬುದು ನಮ್ಮ ಭಾಗದವರು ನೆನಪಿಡಬೇಕಾದ ಸಂಗತಿ.

ಒಮ್ಮೆ ವಸ್ತು ಯಾವುದೆಂದು ತಿಳಿದರೆ ಅದನ್ನು ಕಾರ್ಖಾನೆಯಲ್ಲಿ ತಯಾರಿಸಬಹುದು. ರಬ್ಬರಿನ ಬಿರಡೆಗೋ ಪ್ಲಾಸ್ಟಿಕ್ ನಳಿಕೆಗೋ ಅದನ್ನು ತುಂಬಿ ಬಲೆಯಲ್ಲಿಟ್ಟರೆ ಗಂಡು ಹುಳು ಹೆಣ್ಣೆಂದು ಭ್ರಮಿಸಿ ಬರುತ್ತದೆ. ಈ ತುಂಬಿದ ಬಿರಡೆಗೆ ಅಂಗಡಿಯವರು ಲ್ಯೂರ್ ಎನ್ನುತ್ತಾರೆ.

ತಂತಿ ಹುಳುವಿನ ತಾಯಿ

ತಂತಿ ಹುಳು ಬೆಳೆದು ಆಗುವುದು ಒಂದು ನೀಳವಾದ ದುಂಬಿ. ಅಂಗಾತ ಮಲಗಿಸಿದರೆ ಎದೆಯ ಕೀಲನ್ನು ಸೆಟೆದು ಟಕ್ಕೆಂದು ಶಬ್ದ ಮಾಡಿ ಮೇಲಕ್ಕೆ ನೆಗೆದು ಸರಿಯಾಗಿ ಬೀಳುತ್ತದೆ. ಇಂಗ್ಲಿಷಿನವರು ಕ್ಲಿಕ್ ಬೀಟ್ಲ್ ಎನ್ನುತ್ತಾರೆ. ನಾವು ಚಿಟಿಕೆ ದುಂಬಿ ಎಂದು ಕರೆಯೋಣ. ಮಣ್ಣಿನ ಕೀಟಗಳಲ್ಲಿ ಮೋಹಕ ವಾಸನೆಯ ಅಧ್ಯಯನ ಬಹಳ ಮುಂದುವರಿದಿರುವುದು ಈ ದುಂಬಿಗಳಲ್ಲಿಯೇ. ಆದ್ದರಿಂದ ನಮ್ಮ ಗದ್ದೆಯಲ್ಲಿ ಇದರ ಕಾಟ ಗೊಣ್ಣೆ ಹುಳುವಿನಷ್ಟು ಇಲ್ಲದಿದ್ದರೂ, ಇದರಿಂದ ಕಲಿಯಬೇಕಾದದ್ದು ಹೆಚ್ಚು.

ಅಮೆರಿಕದಲ್ಲಿ ಸಕ್ಕರೆ ಬೀಟ್ ಗೆಡ್ಡೆಯನ್ನು ತಿನ್ನುವ ಒಂದು ತಂತಿ ಹುಳುವಿದೆ. ಅದರ ದುಂಬಿಯನ್ನು ವೆಲೇರಿಕ್ ಆಮ್ಲ ಸೆಳೆಯುತ್ತದೆಂದು 1968ರಲ್ಲಿಯೇ ಪ್ರಕಟವಾಯಿತು. ಆದರೆ ಹೆಣ್ಣು ಸೂಸುವ ಮುಖ್ಯ ವಸ್ತು ಅದಲ್ಲ, ಲಿಮೋನಿಯಿಕ್ ಆಮ್ಲ ಎಂಬ ಬೇರೊಂದು ಎಂದು ಗೊತ್ತಾದದ್ದು 2021ರಲ್ಲಿ. ನಡುವೆ ಅರ್ಧ ಶತಮಾನವೇ ಕಳೆಯಿತು. ಒಂದು ವಾಸನೆಗೆ ಕೆಲವು ದುಂಬಿ ಬಂದ ಮಾತ್ರಕ್ಕೆ ಅದೇ ಸರಿಯಾದ ಕೀಲಿಕೈ ಎಂದು ನಂಬಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಯುರೋಪಿನಲ್ಲಿ ಆಲೂಗೆಡ್ಡೆ, ಮುಸುಕಿನ ಜೋಳಕ್ಕೆ ಬೀಳುವ ಆಗ್ರಿಯೋಟಿಸ್ ಎಂಬ ಕುಲದ ಚಿಟಿಕೆ ದುಂಬಿಗಳಿವೆ. ಇವುಗಳಲ್ಲಿ ಹಲವು ಜಾತಿಗಳ ವಾಸನೆ ಜೆರಾನಿಯಾಲ್ ಎಂಬ ವಸ್ತುವಿನಿಂದ ಹುಟ್ಟಿದ್ದು. ಹೊಸೂರಿನ ಗುಲಾಬಿ ತೋಟಗಳ ಬಳಿ ಹಾದುಹೋಗುವಾಗ ಮೂಗಿಗೆ ಬರುವ ಕಂಪಿನಲ್ಲಿ ಜೆರಾನಿಯಾಲೂ ಒಂದು! ಅದಕ್ಕೆ ಬೇರೆಬೇರೆ ಆಮ್ಲಗಳು ಕೂಡಿದಾಗ ಬೇರೆಬೇರೆ ದುಂಬಿಯ ಕರೆಯಾಗುತ್ತದೆ. ಒಂದು ಜಾತಿಗೆ ಜೆರಾನಿಲ್ ಬ್ಯುಟನೋಯೇಟ್, ಮತ್ತೊಂದಕ್ಕೆ ಜೆರಾನಿಲ್ ಹೆಕ್ಸನೋಯೇಟ್ ಮತ್ತು ಆಕ್ಟನೋಯೇಟ್‌ಗಳ ಮಿಶ್ರಣ. ಹೆಸರುಗಳನ್ನು ನೀವು ನೆನಪಿಡಬೇಕಾಗಿಲ್ಲ. ಒಂದೇ ಕುಲದ ಅಕ್ಕತಂಗಿಯರಂಥ ಜಾತಿಗಳು ಕೂಡ ಬೇರೆಬೇರೆ ಮಿಶ್ರಣಕ್ಕೆ ಓಗೊಡುತ್ತವೆ ಎಂಬುದನ್ನು ನೆನಪಿಟ್ಟರೆ ಸಾಕು.

ಕಬ್ಬಿನವರಿಗೆ ಹತ್ತಿರದ ಉದಾಹರಣೆ ಜಪಾನಿನ ಒಕಿನಾವ ದ್ವೀಪಗಳದು. ಅಲ್ಲಿ ಕಬ್ಬೇ ಮುಖ್ಯ ಬೆಳೆ. ಮೆಲನೋಟಸ್ ಎಂಬ ಕುಲದ ತಂತಿ ಹುಳುಗಳು ಮಣ್ಣಿನೊಳಗಿದ್ದು ತುಂಡಿನ ಕಣ್ಣನ್ನೂ ಕೂಳೆಯ ಮೊಳಕೆಯನ್ನೂ ತಿಂದು ಹಾಳುಮಾಡುತ್ತವೆ. ಅಲ್ಲಿನ ಒಂದು ಜಾತಿಯ ಹೆಣ್ಣಿನ ವಾಸನೆ ಡೊಡೆಸಿಲ್ ಅಸಿಟೇಟ್ ಎಂದು 1980ರ ದಶಕದಲ್ಲಿ ಗೊತ್ತಾಯಿತು. 2000ರ ದಶಕದಲ್ಲಿ ಮಿನಾಮಿ ದೈತೊ ಎಂಬ ಪುಟ್ಟ ದ್ವೀಪದಲ್ಲಿ ಬಲೆಯ ಬದಲು ಇನ್ನೊಂದು ಉಪಾಯ ಹೂಡಿದರು. ಈ ವಾಸನೆಯನ್ನು ತುಂಬಿದ ಪ್ಲಾಸ್ಟಿಕ್ ನಳಿಕೆಗಳನ್ನು ದ್ವೀಪದ ಕಬ್ಬಿನ ಗದ್ದೆಗಳಲ್ಲೆಲ್ಲ ಹರಡಿದರು. ಜಾತ್ರೆಯ ಗದ್ದಲದಲ್ಲಿ ತನ್ನವರ ಕೂಗು ಕೇಳಿಸದಂತೆ, ಎಲ್ಲೆಲ್ಲೂ ಅದೇ ವಾಸನೆ ತುಂಬಿ ಗಂಡುಗಳಿಗೆ ನಿಜವಾದ ಹೆಣ್ಣು ಎಲ್ಲಿದೆಯೆಂದು ತಿಳಿಯದಾಯಿತು. ಕೂಡಿಕೆ ತಪ್ಪಿತು, ಮೊಟ್ಟೆ ಕಡಿಮೆಯಾಯಿತು, ಕ್ರಮೇಣ ದುಂಬಿಗಳೇ ಬಹಳವಾಗಿ ಇಳಿದವು. ಈ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಅಮೆರಿಕದ ಫ್ಲಾರಿಡದಲ್ಲಿ ಕಬ್ಬಿಗೆ ಬೀಳುವ ಇನ್ನೊಂದು ಮೆಲನೋಟಸ್ ಜಾತಿಯ ವಾಸನೆಯನ್ನು 2019ರಲ್ಲಿ ಗುರುತಿಸಿದ್ದಾರೆ.

ದ್ವೀಪದಲ್ಲಿ ಅದು ಕೈಗೂಡಿದ್ದಕ್ಕೆ ಕಾರಣವನ್ನು ಯೋಚಿಸಿರಿ. ಸುತ್ತಲೂ ಸಮುದ್ರ. ಹೊರಗಿನಿಂದ ಹಾರಿಬರುವ ದುಂಬಿಯಿಲ್ಲ. ಒಬ್ಬ ರೈತ ಮಾಡಿ ಪಕ್ಕದವ ಬಿಟ್ಟ ಎಂಬುದಿಲ್ಲ. ಇಡೀ ದ್ವೀಪಕ್ಕೆ ಒಂದೇ ಯೋಜನೆ. ಇಲ್ಲಿ ನಿಮ್ಮ ಬದುವಿನಾಚೆ ಇನ್ನೊಬ್ಬರ ಕಬ್ಬು, ಅದರಾಚೆ ಕಡಲೆಕಾಯಿ, ಅದರಾಚೆ ಗುಂಡುತೋಪು. ಎರಡೆಕರೆಗೆ ನಳಿಕೆ ಕಟ್ಟಿದರೆ, ಪಕ್ಕದ ಹೊಲದಲ್ಲಿ ಆಗಲೇ ಕೂಡಿಕೊಂಡ ಹೆಣ್ಣು ದುಂಬಿ ರಾತ್ರಿ ಹಾರಿಬಂದು ನಿಮ್ಮ ಮಣ್ಣಿನಲ್ಲಿಯೇ ಮೊಟ್ಟೆಯಿಡುತ್ತದೆ.

ಬಲೆಗೆ ಬಿದ್ದ ಲೆಕ್ಕ ಏನನ್ನು ಹೇಳುವುದಿಲ್ಲ

ಇನ್ನು ಬಲೆಯ ವಿಷಯ. ಡಬ್ಬಿಯಲ್ಲಿ ನೂರು ದುಂಬಿ ಸತ್ತು ಬಿದ್ದಿರುವುದನ್ನು ಕಂಡರೆ ಯಾರಿಗಾದರೂ ಸಂತೋಷವೇ. ಆದರೆ ಇಂಥ ಬಲೆಗೆ ಬೀಳುವುದು ಗಂಡು. ಲೆಕ್ಕಕ್ಕಾಗಿ ಒಂದು ಗದ್ದೆಯಲ್ಲಿ 100 ಗಂಡು, 100 ಹೆಣ್ಣು ಇವೆಯೆಂದು ಇಟ್ಟುಕೊಳ್ಳಿ. ಬಲೆಗೆ 80 ಗಂಡು ಬಿದ್ದವು, 20 ಉಳಿದವು. ಒಂದೊಂದು ಗಂಡು ಐದು ಹೆಣ್ಣಿನೊಂದಿಗೆ ಕೂಡಿದರೆ ನೂರು ಹೆಣ್ಣೂ ಮೊಟ್ಟೆಯಿಟ್ಟಂತೆಯೇ ಆಯಿತು. ಹಿಂಡಿನಲ್ಲಿ ಹೋರಿಗಳನ್ನು ಎಷ್ಟು ಮಾರಿದರೂ ಒಂದು ಉಳಿದರೆ ಹಸುಗಳು ಗಬ್ಬವಾಗುವುದು ತಪ್ಪುವುದಿಲ್ಲವೆಂದು ದನ ಸಾಕಿದವರಿಗೆ ಹೇಳಬೇಕೇ? ಬಹುಪಾಲು ಎಲ್ಲ ಗಂಡುಗಳನ್ನೂ, ಅದೂ ಕೂಡುವ ಮೊದಲೇ, ಹಿಡಿದರೆ ಮಾತ್ರ ಪ್ರಯೋಜನ. ಅದಕ್ಕೆ ಬೇಕಾಗುವ ಬಲೆಗಳ ಖರ್ಚು ಸಣ್ಣದಲ್ಲ.

ಎರಡನೆಯದಾಗಿ, ಮೇಲೆ ಹಾರುವ ದುಂಬಿಯ ಲೆಕ್ಕಕ್ಕೂ ಮಣ್ಣಿನೊಳಗಿನ ಹುಳುವಿನ ಲೆಕ್ಕಕ್ಕೂ ನೇರ ಸಂಬಂಧ ಸಿಕ್ಕುವುದು ಕಷ್ಟ. ಯುರೋಪಿನ ತಂತಿ ಹುಳುಗಳು ಹಲವು ವರ್ಷ ಮಣ್ಣಿನಲ್ಲಿಯೇ ಬೆಳೆಯುತ್ತವೆ. ಈ ವರ್ಷ ಹಾರಿದ ದುಂಬಿ ಹಿಂದೆಂದೋ ಇಟ್ಟ ಮೊಟ್ಟೆಯ ಫಲ; ಈ ವರ್ಷ ಬೆಳೆ ತಿನ್ನುತ್ತಿರುವ ಹುಳು ಮುಂದೆಂದೋ ಹಾರುವಂಥದು. ಇಂಗ್ಲೆಂಡಿನಲ್ಲಿ ಬಲೆಯ ಲೆಕ್ಕ ಮತ್ತು ಮಣ್ಣಿನ ಲೆಕ್ಕ ಸರಿಯಾಗಿ ಹೊಂದಲಿಲ್ಲ. ಇಟಲಿಯಲ್ಲಿ ಅನೇಕ ವರ್ಷಗಳ ಕಾಲ ಜಾತಿವಾರು ಲೆಕ್ಕವಿಟ್ಟ ಮೇಲೆ, ಮುಸುಕಿನ ಜೋಳಕ್ಕೆ ಅಪಾಯ ಯಾವಾಗ ಎಂದು ಹೇಳಲು ಬಲೆ ಉಪಯೋಗಕ್ಕೆ ಬಂತು. ಎಂದರೆ ಬಲೆಯ ಸಂಖ್ಯೆ ಆಯಾ ಊರಿನ ಅನುಭವದೊಂದಿಗೆ ಕೂಡಿದಾಗಲೇ ಅರ್ಥ ಕೊಡುತ್ತದೆ. ಬೇರೆ ದೇಶದ ಪುಸ್ತಕದಿಂದ 'ಇಷ್ಟು ಬಿದ್ದರೆ ಔಷಧಿ ಹಾಕಿ' ಎಂಬ ಸಂಖ್ಯೆಯನ್ನು ತಂದು ಇಲ್ಲಿ ಅಂಟಿಸುವುದು ನಿರುಪಯೋಗ.

ಹಾಗಾದರೆ ಬಲೆಯಿಂದ ಲಾಭವೇನು? ಎರಡು ಸಂಗತಿಗಳನ್ನು ಅದು ಸ್ಪಷ್ಟವಾಗಿ ತಿಳಿಸುತ್ತದೆ. ಈ ಕೀಟ ನಿಮ್ಮ ಭಾಗದಲ್ಲಿದೆಯೋ ಇಲ್ಲವೋ ಎಂಬುದು ಒಂದು. ಈ ವರ್ಷ ಅದರ ಹಾರಾಟ ಯಾವ ದಿನ ಆರಂಭವಾಯಿತು, ಯಾವ ವಾರ ಏರಿತು ಎಂಬುದು ಇನ್ನೊಂದು. ಹುಳುವಿನ ಕಾಟದಲ್ಲಿ ತಾರೀಖು ತಿಳಿಯುವುದೇ ಅರ್ಧ ಕೆಲಸ. ಹೇಗೆಂಬುದನ್ನು ನಮ್ಮ ಗೊಣ್ಣೆ ಹುಳುವಿನಲ್ಲಿಯೇ ನೋಡೋಣ.

ನಮ್ಮ ಗೊಣ್ಣೆ ಹುಳುವಿಗೆ ಬಲೆಯುಂಟೇ?

ಗೊಣ್ಣೆ ಹುಳುವಿನ ದುಂಬಿಗಳಲ್ಲಿಯೂ ಮೋಹಕ ವಾಸನೆ ಇದೆ. ರಾಜಸ್ಥಾನದ ಮರಳು ನೆಲದಲ್ಲಿ ಕಡಲೆಕಾಯಿಗೆ ಬೀಳುವ ಹೋಲೋಟ್ರಿಕಿಯ ಕನ್ಸಾಂಗ್ವಿನಿಯ ಎಂಬ ಜಾತಿಯದು ಅನಿಸೋಲ್ ಎಂದು 1996ರಲ್ಲಿ ಪ್ರಕಟವಾಯಿತು. ಅದನ್ನು ದುಂಬಿಗಳು ಕೂರುವ ಮರಗಳಿಗೆ ಕಟ್ಟಿ, ಅವೆಲ್ಲ ಅಲ್ಲಿಗೇ ಕೂಡುವಂತೆ ಮಾಡಿ ಕೊಲ್ಲುವ ಪದ್ಧತಿ ಅಲ್ಲಿ ಬಂದಿತು. ದಕ್ಷಿಣದ ಕಡಲೆಕಾಯಿ ಹೊಲಗಳ ಹೋಲೋಟ್ರಿಕಿಯ ರೆನಾಡಿ ಎಂಬ ಜಾತಿಯದೂ ಅನಿಸೋಲೇ ಎಂದು, ಇಕ್ರಿಸ್ಯಾಟ್ ಸಂಸ್ಥೆಯೂ ಸೇರಿ ನಡೆದ ಅಧ್ಯಯನದಿಂದ 2002ರಲ್ಲಿ ತಿಳಿಯಿತು. ಒಕಿನಾವದ ಮಿಯಾಕೊ ದ್ವೀಪಗಳಲ್ಲಿ ಕಬ್ಬಿನ ಬೇರು ತಿನ್ನುವ ಗೊಣ್ಣೆ ಹುಳುವಿನದು ಮಾತ್ರ ಬೇರೆಯೇ ವಸ್ತು. ಬ್ಯುಟನಾಲ್‌ನ ಒಂದು ಬಗೆ.

ಕಡಲೆಕಾಯಿಯ ಗೊಣ್ಣೆ ಹುಳುವಿಗೆ ಆಗುವ ಲ್ಯೂರ್ ಕಬ್ಬಿನ ಗೊಣ್ಣೆ ಹುಳುವಿಗೂ ಆಗುತ್ತದೆಂದು ಯಾರಾದರೂ ಹೇಳಿ ಮಾರಲು ಬಂದರೆ, ಪೊಟ್ಟಣದ ಮೇಲೆ ಸೆರೇಟ ಎಂಬ ಹೆಸರಿದೆಯೇ, ಯಾವ ಸಂಶೋಧನಾ ಕೇಂದ್ರದಲ್ಲಿ ಕಬ್ಬಿನಲ್ಲಿ ಪರೀಕ್ಷೆಯಾಗಿದೆ ಎಂದು ಕೇಳಿರಿ. ಉತ್ತರ ಬಾರದಿದ್ದರೆ ಕೊಳ್ಳಬೇಡಿ. ಕೊಳ್ಳಲೇಬೇಕೆಂದಿದ್ದರೆ ಎರಡೇ ತಂದು ಒಂದು ಹಂಗಾಮು ನೋಡಿ.

ಅದೃಷ್ಟವಶಾತ್ ನಮ್ಮ ಹುಳುವಿನ ತಾರೀಖನ್ನು ತಿಳಿಯಲು ಕಾಸು ಖರ್ಚಿಲ್ಲದ ಬಲೆಯೊಂದು ಪ್ರತಿ ಊರಿನಲ್ಲಿಯೂ ನಿಂತಿದೆ. ಅದು ಬೇವಿನ ಮರ. ಈ ದುಂಬಿ ವರ್ಷಕ್ಕೊಂದೇ ಸಂತಾನ ಬೆಳೆಸುತ್ತದೆ. ಮಣ್ಣಿನೊಳಗೆ ದುಂಬಿಯಾಗಿ ಕಾದಿದ್ದು, ಬೇಸಿಗೆಯ ಮೊದಲ ಒಳ್ಳೆಯ ಮಳೆ ಬಿದ್ದು ನೆಲ ನೆನೆದ ಸಂಜೆ ಮೇಲೆ ಬರುತ್ತದೆ. ನಮ್ಮಲ್ಲಿ ಭರಣಿ ಮಳೆಗೆ ಬಂದರೂ ಬರಬಹುದು, ಕೃತ್ತಿಕೆ ರೋಹಿಣಿಗೆ ತಳ್ಳಿದರೂ ತಳ್ಳಬಹುದು. ಮಳೆ ಹೇಗೋ ಹಾಗೆ. ಕತ್ತಲಾಗುತ್ತಿದ್ದಂತೆ ಹಾರಿ ಬೇವು, ಜಾಲಿ, ಎಲಚಿ ಮರಗಳ ಮೇಲೆ ಕೂತು, ಕೂಡಿಕೊಂಡು, ರಾತ್ರಿಯೆಲ್ಲ ಎಲೆ ತಿಂದು, ಬೆಳಗಾಗುವ ಮೊದಲು ಮತ್ತೆ ಮಣ್ಣಿಗಿಳಿಯುತ್ತದೆ. ಬೆಳಗ್ಗೆ ಬೇವಿನ ಎಲೆ ಅಂಚಿನಿಂದ ಕಚ್ಚಿ ತಿಂದಂತಿದ್ದರೆ, ಮರದಡಿ ಹಿಕ್ಕೆ ಬಿದ್ದಿದ್ದರೆ, ದುಂಬಿ ಬಂದಿದೆಯೆಂದು ತಿಳಿಯಿರಿ.

ಆ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ. ಹೆಣ್ಣು ಮಣ್ಣಿನಲ್ಲಿ ಸುಮಾರು ಇಪ್ಪತ್ತು ಮೊಟ್ಟೆಯಿಡುತ್ತದೆ. ಹತ್ತು ಹನ್ನೆರಡು ದಿನಕ್ಕೆ ಮರಿ. ಮೊದಲು ಅಕ್ಕಿಕಾಳಿನಂತಿದ್ದು ಮಣ್ಣಿನ ಸಾವಯವ ಪದಾರ್ಥವನ್ನೂ ಎಳೆಬೇರನ್ನೂ ತಿನ್ನುತ್ತದೆ. ಎರಡು ಸಲ ಪೊರೆ ಬಿಟ್ಟು ಮೂರನೆಯ ಹಂತಕ್ಕೆ ಬಂದಾಗಲೇ ಕಬ್ಬಿನ ಬುಡ ಖಾಲಿಯಾಗುವುದು. ಗರಿ ಹಳದಿಯಾಗಿ ನಿಮ್ಮ ಕಣ್ಣಿಗೆ ಬೀಳುವುದೂ ಆಗಲೇ. ಅಷ್ಟರಲ್ಲಿ ಹುಳು ಬಲಿತು ಯಾವ ಔಷಧಿಗೂ ಜಗ್ಗದಂತಾಗಿರುತ್ತದೆ. ಔಷಧಿ ಹಾಕಿದೆ, ಹುಳು ಸಾಯಲಿಲ್ಲ ಎಂಬ ದೂರಿಗೆ ಬಹುಮಟ್ಟಿಗೆ ಔಷಧಿಗಿಂತ ತಾರೀಖೇ ಕಾರಣ.

ಹಿಂದೆ ತಾರೀಖು ತಪ್ಪಿದರೂ ಬಿಎಚ್‌ಸಿ ಪುಡಿ ಎರಚಿ, ಫೊರೇಟ್ ಹರಳು ಹಾಕಿ ಸಮಾಧಾನ ಮಾಡಿಕೊಳ್ಳುವುದಿತ್ತು. ಬಿಎಚ್‌ಸಿ 1997ರಲ್ಲಿ ನಿಷೇಧವಾಯಿತು. ಫೊರೇಟಿನ ಬಳಕೆಗೂ 2020ರ ಡಿಸೆಂಬರ್ 31ರಿಂದ ನಿಷೇಧವಿದೆ. ಹಳೆಯ ದಾಸ್ತಾನು ಮನೆಯ ಮೂಲೆಯಲ್ಲಿದ್ದರೆ ಅದನ್ನು ಬಳಸಕೂಡದು; ಮಣ್ಣಿಗೂ ಬಾವಿಯ ನೀರಿಗೂ ಅದು ಒಳ್ಳೆಯದಲ್ಲ. ಈಗ ನಮ್ಮ ಕೈಯಲ್ಲಿ ಉಳಿದಿರುವುದು ಬ್ಯುವೇರಿಯ, ಮೆಟರೈಜಿಯಂ ಎಂಬ ಶಿಲೀಂಧ್ರಗಳು, ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಪುಡಿಯ ರೂಪಕ್ಕೆ ತಂದಿರುವ ಹೆಟೆರೋರ್ಹಾಬ್ಡೈಟಿಸ್ ಇಂಡಿಕ ಎಂಬ ಜಂತು, ಮತ್ತು ಅಧಿಕಾರಿಗಳು ಸೂಚಿಸುವ ಕೆಲವೇ ಕೀಟನಾಶಕಗಳು. ಇವು ಜೀವವುಳ್ಳವು, ಅಥವಾ ಹದ ನೋಡಿ ಕೆಲಸ ಮಾಡುವಂಥವು. ಎಳೆ ಹುಳುವಿಗೆ, ಹಸಿ ಮಣ್ಣಿಗೆ, ಬಿಸಿಲಿಳಿದ ಹೊತ್ತಿಗೆ ಹಾಕಿದರೆ ಫಲ. ಶಿಲೀಂಧ್ರವನ್ನು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಬುಡಕ್ಕೆ ಕೊಟ್ಟು ಮಣ್ಣು ಮುಚ್ಚಬೇಕು. ದುಂಬಿ ಹಾರಿದ ದಿನದಿಂದ ಮೂರು ನಾಲ್ಕು ವಾರದೊಳಗೆ ಈ ಕೆಲಸ ಮುಗಿದಿರಬೇಕು. ಬೇವಿನ ಮರದಡಿ ಗುರುತುಹಾಕಿದ ತಾರೀಖು ಬೇಕಾಗುವುದು ಇದಕ್ಕೇ.

ಬೇವಿನ ಮರದ ಇನ್ನೊಂದು ಗುಣವನ್ನು ಮೋಹಕ ಬಲೆಯೊಂದಿಗೆ ಹೋಲಿಸಿ ನೋಡಿರಿ. ಬಲೆಗೆ ಗಂಡು ಮಾತ್ರ. ಮರಕ್ಕೆ ಗಂಡೂ ಹೆಣ್ಣೂ ಬರುತ್ತವೆ, ಅದೂ ಮೊಟ್ಟೆಯಿಡುವ ಮೊದಲು. ಸಂಜೆ ಏಳರಿಂದ ಎಂಟೂವರೆ ಒಂಬತ್ತರ ತನಕ ಮರದಡಿ ಹಳೆಯ ಸೀರೆಯನ್ನೋ ಗೋಣಿ ತಾಟನ್ನೋ ಹಾಸಿ, ದೋಟಿಯಿಂದ ಕೊಂಬೆ ಅಲುಗಿಸಿದರೆ ದುಂಬಿಗಳು ಪಟಪಟನೆ ಉದುರುತ್ತವೆ. ಸೀಮೆಎಣ್ಣೆ ಬೆರೆಸಿದ ನೀರಿನ ಬಕೆಟ್ಟಿಗೆ ಹಾಕಬೇಕು. ಐವತ್ತು ಹೆಣ್ಣು ದುಂಬಿ ಸಿಕ್ಕರೆ ಸಾವಿರ ಮೊಟ್ಟೆ ತಪ್ಪಿದಂತೆ. ಮೊದಲ ಮಳೆಯ ದಿನದಿಂದ ಎರಡು ಮೂರು ವಾರ ಬಿಡದೆ ಮಾಡಬೇಕು; ಮುಖ್ಯವಾಗಿ ಊರಿನವರೆಲ್ಲ ಒಂದೇ ಸಂಜೆ ಮಾಡಬೇಕು. ಮಿನಾಮಿ ದೈತೊ ದ್ವೀಪದವರಿಗೆ ಸಮುದ್ರ ಒದಗಿಸಿದ ಅನುಕೂಲವನ್ನು ನಾವು ಒಗ್ಗಟ್ಟಿನಿಂದಲೇ ಒದಗಿಸಿಕೊಳ್ಳಬೇಕು. ಗದ್ದೆಯ ಬಳಿ ಮರವಿಲ್ಲದ ಕಡೆ ಬೇವಿನ ಕೊಂಬೆ ಕಡಿದು ಬದುವಿನಲ್ಲಿ ನೆಟ್ಟರೆ ಅದರ ಮೇಲೂ ಕೂರುತ್ತವೆ. ಬೆಳಕಿನ ಬಲೆಗೂ ಕೆಲವು ಬೀಳುತ್ತವೆ. ಮಕ್ಕಳಿಗೆ ಇದೊಂದು ಮೋಜಿನ ಕೆಲಸ. ಆದರೆ ಮಳೆಗಾಲದ ರಾತ್ರಿ ಬರಿಗಾಲಲ್ಲಿ ಬಿಡಬೇಡಿ, ಹಾವು ಚೇಳಿನ ಕಾಲ.

ದುಂಬಿಯ ಹಾರಾಟ ಮುಗಿದ ಮೇಲೆ ಮಣ್ಣನ್ನೇ ಕೇಳಬೇಕು. ಜುಲೈ ಮೊದಲಲ್ಲಿ ಗದ್ದೆಯ ಐದಾರು ಕಡೆ ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಆಳದ ಗುಳಿ ತೆಗೆದು, ಮಣ್ಣನ್ನು ತಾಟಿನ ಮೇಲೆ ಹರಡಿ ಹುಳು ಎಣಿಸಿರಿ. ಕಳೆದ ವರ್ಷ ಒಣಗಿದ ಜಾಗವಿದ್ದರೆ ಅಲ್ಲಿ ತಪ್ಪದೆ ಒಂದು ಗುಳಿ. ತಂತಿ ಹುಳುವಿನ ಸಂಶಯವಿದ್ದವರು ನಾಟಿಗೆ ಮುಂಚೆ, ನೆನೆಸಿ ಮೊಳಕೆಗೆ ಬಂದ ಒಂದು ಹಿಡಿ ಜೋಳವನ್ನು ಒಂದು ಗೇಣು ಆಳದಲ್ಲಿ ಹೂತು, ಗುರುತಿನ ಕಡ್ಡಿ ನೆಟ್ಟು, ಹತ್ತು ದಿನದ ಮೇಲೆ ಅಗೆದು ನೋಡಬಹುದು. ಮೊಳೆಯುವ ಕಾಳಿನಿಂದ ಹೊರಡುವ ಇಂಗಾಲಾಮ್ಲ ವಾಯು ತಂತಿ ಹುಳುವನ್ನು ಎಳೆಯುತ್ತದೆ. ಯುರೋಪು ಅಮೆರಿಕಗಳಲ್ಲಿ ಮೋಹಕ ಬಲೆಯ ಜೊತೆಗೆ ಈ ಕಾಳಿನ ಗುಳಿಯನ್ನೂ ಬಿಟ್ಟಿಲ್ಲ.

ಕಬ್ಬಿನಲ್ಲಿ ಬಲೆ ಸಲ್ಲುವ ಜಾಗ

ಇಷ್ಟು ಹೇಳಿದ್ದರಿಂದ ಕಬ್ಬಿಗೆ ಮೋಹಕ ಬಲೆಯೇ ಬೇಡವೆಂದು ತಿಳಿಯಬಾರದು. ಕಾಂಡ ಕೊರೆಯುವ ಪತಂಗಗಳಿಗೆ, ಎಂದರೆ ಎಳೆಸುಳಿ ಕೊರಕ ಮತ್ತು ಗೆಣ್ಣು ಕೊರಕಗಳಿಗೆ, ಬಲೆ ಇದೆ. ಗೆಣ್ಣು ಕೊರಕದ ಹೆಣ್ಣಿನ ವಾಸನೆಯನ್ನು 1980ರಲ್ಲಿ ಲಂಡನ್ನಿನ ವಿಜ್ಞಾನಿಗಳು ಮಾರಿಷಸ್ ದ್ವೀಪದ ಕಬ್ಬಿನ ಕೊರಕದಿಂದ ಗುರುತಿಸಿದರು. ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯಲ್ಲಿ ಎಚ್. ಡೇವಿಡ್ ಮತ್ತು ಸಂಗಡಿಗರು ನಮ್ಮ ಕೊರಕಗಳಿಗೆ ಇಂಥ ವಾಸನೆಗಳ ಉಪಯೋಗವನ್ನು ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದರು.

ಇಲ್ಲಿಯೂ ಬಲೆಯ ಮುಖ್ಯ ಕೆಲಸ ದಿನ ತಿಳಿಸುವುದೇ. ಗೆಣ್ಣು ಕೊರಕದ ಮೊಟ್ಟೆಯನ್ನು ನಾಶಮಾಡುವ ಟ್ರೈಕೊಗ್ರಾಮ ಕಾರ್ಡುಗಳನ್ನು ನಾಲ್ಕನೆಯ ತಿಂಗಳಿನಿಂದ ಹದಿನೈದು ದಿನಕ್ಕೊಮ್ಮೆ ಆರು ಸಲ, ಪ್ರತಿ ಸಲ ಹೆಕ್ಟೇರಿಗೆ 2.5 ಸಿ.ಸಿ.ಯಂತೆ, ಕಟ್ಟಬೇಕೆಂಬುದು ತಮಿಳುನಾಡಿನ ಶಿಫಾರಸು. ಈ ಪರೋಪಕಾರಿ ಕೀಟ ಮೊಟ್ಟೆಯನ್ನೇ ಹುಡುಕಿ ಹೋಗುವಂಥದು; ಹುಳು ಗೆಣ್ಣಿನೊಳಗೆ ಹೊಕ್ಕ ಮೇಲೆ ಅದರಿಂದ ಏನೂ ಆಗದು. ಪತಂಗ ಬಲೆಗೆ ಬೀಳಲು ಶುರುವಾದ ವಾರ ಕಾರ್ಡು ಗದ್ದೆಯಲ್ಲಿದ್ದರೆ ಕೊಟ್ಟ ಹಣ ಸಾರ್ಥಕ.

ಬಲೆ ಕಟ್ಟುವವರು ಕೆಲವು ಮಾತುಗಳನ್ನು ಗಮನಿಸಬೇಕು. ಪೊಟ್ಟಣದ ಮೇಲೆ ಯಾವ ಕೀಟಕ್ಕೆಂದು ಬರೆದಿದೆಯೋ ಓದಿ ನೋಡಿ; ಓದಲು ಬಾರದ ಲಿಪಿಯಾದರೆ ಓದಿಸಿ. ಲ್ಯೂರನ್ನು ಔಷಧಿ ಮುಟ್ಟಿದ ಕೈಯಿಂದಾಗಲಿ, ಬೀಡಿ ಹಿಡಿದ ಕೈಯಿಂದಾಗಲಿ, ಬೇರೆ ಕೀಟದ ಲ್ಯೂರ್ ಮುಟ್ಟಿದ ಕೈಯಿಂದಾಗಲಿ ಹಿಡಿಯಬಾರದು. ಉಳಿದ ಪೊಟ್ಟಣವನ್ನು ತಂಪಿನಲ್ಲಿಡಬೇಕು. ಕಬ್ಬು ಬೆಳೆದಂತೆ ಬಲೆಯನ್ನೂ ಮೇಲೆ ಕಟ್ಟುತ್ತ ಹೋಗಬೇಕು. ಲ್ಯೂರಿನ ವಾಸನೆ ಕೆಲವು ವಾರಗಳಲ್ಲಿ ತೀರಿಹೋಗುತ್ತದೆ. ಪೊಟ್ಟಣದಲ್ಲಿ ಹೇಳಿದ ಅವಧಿಗೆ ಬದಲಾಯಿಸದಿದ್ದರೆ ಬಲೆ ಬರಿದಾಗಿರುತ್ತದೆ, ನೀವು ಕೀಟವೇ ಇಲ್ಲವೆಂದು ನಿಶ್ಚಿಂತರಾಗಿರುತ್ತೀರಿ. ಇದು ಬಲೆ ಇಲ್ಲದ್ದಕ್ಕಿಂತ ಕೆಟ್ಟದ್ದು.

ಎಣಿಕೆಗೆ ಒಂದು ಮೂರುಕಾಸಿನ ನೋಟುಪುಸ್ತಕ ಇಟ್ಟುಕೊಳ್ಳಿ. ವಾರಕ್ಕೆ ಒಂದೇ ಗೊತ್ತಾದ ದಿನ, ಸಂತೆಯ ದಿನವೆಂದಿಟ್ಟುಕೊಂಡರೆ ಮರೆಯುವುದಿಲ್ಲ, ಬಲೆಗೆ ಬಿದ್ದದ್ದನ್ನು ಎಣಿಸಿ ಬರೆದು ಬಲೆ ಖಾಲಿ ಮಾಡಿ. ಪಕ್ಕದಲ್ಲಿ ಆ ವಾರ ಬಿದ್ದ ಮಳೆ, ಲ್ಯೂರ್ ಬದಲಿಸಿದ ತಾರೀಖು ಬರೆಯಿರಿ. ಸೊನ್ನೆ ಬಂದರೆ ಸೊನ್ನೆಯನ್ನೂ ಬರೆಯಿರಿ. ಬೇವಿನ ಮರದ ದುಂಬಿಗೂ ಅದೇ ಪುಸ್ತಕದಲ್ಲಿ ಒಂದು ಪುಟ: ಮೊದಲು ಕಂಡ ಸಂಜೆ, ಎಷ್ಟು ಮರ ಅಲುಗಿಸಿದಿರಿ, ಎಷ್ಟು ದುಂಬಿ. ಮೂರು ನಾಲ್ಕು ವರ್ಷದ ಪುಟಗಳು ಕೂಡಿದರೆ, ಯಾವ ಮಳೆಗೆ ಎಷ್ಟು ದಿನದ ಮೇಲೆ ದುಂಬಿ ಬರುತ್ತದೆಂಬುದು ನಿಮ್ಮ ಊರಿನ ಮಟ್ಟಿಗೆ ಯಾವ ಸಂಶೋಧನಾ ಕೇಂದ್ರಕ್ಕಿಂತ ನಿಮಗೇ ಚೆನ್ನಾಗಿ ಗೊತ್ತಿರುತ್ತದೆ. ಕಬ್ಬು ನೋಂದಣಿಗೆ ವಿಭಾಗ ಕಚೇರಿಗೆ ಬರುವಾಗ ಆ ಪುಸ್ತಕವನ್ನೂ ಜೊತೆಗೆ ತನ್ನಿ. ಗೊಣ್ಣೆ ಹುಳು ಸಿಕ್ಕಿದ ಗದ್ದೆಯ ಸರ್ವೆ ನಂಬರನ್ನು ಮೇಲ್ವಿಚಾರಕರಿಗೆ ಬರೆಸಿದರೆ ಮುಂದಿನ ಬೇಸಿಗೆಯ ಮಳೆಗೆ ಮುಂಚೆ ಆ ಸುತ್ತಿನ ಊರುಗಳವರನ್ನು ಒಟ್ಟಿಗೆ ಸೇರಿಸಲು ಅನುಕೂಲವಾಗುತ್ತದೆ.